ಮ್ಯೋಜಿನ್ ಕೊಳ

ಮ್ಯೋಜಿನ್ ಕೊಳವು ಜಪಾನಿನ ನಗಾನೊ ಪ್ರಾಂತ್ಯದ ಕಾಮಿಕೋಚಿ ಕಣಿವೆಯಲ್ಲಿರುವ ಒಂದು ಪರ್ವತ ಕೊಳ. ಇದು ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿ, ಮ್ಯೋಜಿನ್ ಶಿಖರದ (2,931 ಮೀ.) ಬುಡದಲ್ಲಿದೆ. ಅಜುಸಾ ನದಿಯ ದಡದಲ್ಲಿ, ಕಾಡಿನ ನಡುವೆ ಸಾಗುವ ಕಾಲುದಾರಿಯಿಂದ ಇಲ್ಲಿಗೆ ತಲುಪಬಹುದು. ಕಡಿದಾದ ಏರುಗಳಿಲ್ಲದ ಈ ದಾರಿಯು ಪರ್ವತಾರೋಹಣದ ಅನುಭವವಿಲ್ಲದವರೂ ನಡೆಯಬಹುದಾದ ಸುಲಭ ಚಾರಣವೆಂದು ಹೆಸರಾಗಿದೆ. ಈ ಪ್ರದೇಶವು 1934ರಲ್ಲಿ ಸ್ಥಾಪನೆಯಾದ ಚೂಬು ಸಾಂಗಾಕು ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ.

ರಚನೆ

ಮ್ಯೋಜಿನ್ ಶಿಖರದಿಂದ ಕುಸಿದು ಬಿದ್ದ ಬಂಡೆ ಮತ್ತು ಮಣ್ಣು ನೀರಿಗೆ ಅಡ್ಡವಾಗಿ ನಿಂತುದರಿಂದ ಈ ಕೊಳ ಉಂಟಾಯಿತು. ಬೆಟ್ಟದ ಒಡಲಿನಿಂದ ಒಸರುವ ಬುಗ್ಗೆಯ ನೀರು ಸದಾ ಬಂದು ಸೇರುವುದರಿಂದ ಕಠಿಣ ಚಳಿಗಾಲದಲ್ಲಿಯೂ ಇದು ಪೂರ್ತಿಯಾಗಿ ಹೆಪ್ಪುಗಟ್ಟುವುದಿಲ್ಲ. ನೀರು ತಿಳಿಯಾಗಿದ್ದು, ಅದರಲ್ಲಿ ಈಜುವ ಇವಾನಾ ಎಂಬ ಮೀನುಗಳು ದಡದಿಂದಲೇ ಕಾಣುತ್ತವೆ. ಹಿಂದೆ ಇಲ್ಲಿ ಮೂರು ಕೊಳಗಳಿದ್ದವು. ಮೂರನೆಯದು ಮರೆಯಾಗಿ, ಈಗ ಉಳಿದಿರುವುವು ಮೊದಲನೆಯ ಕೊಳ ಮತ್ತು ಎರಡನೆಯ ಕೊಳ ಮಾತ್ರ.

ಚಾರಣ ಮಾರ್ಗ

ನಡಿಗೆಯು ಸಾಮಾನ್ಯವಾಗಿ ಅಜುಸಾ ನದಿಗೆ ಅಡ್ಡಲಾಗಿರುವ ಕಪ್ಪಾ ತೂಗುಸೇತುವೆಯಿಂದ ಆರಂಭವಾಗುತ್ತದೆ. ಎಡದಂಡೆಯ ದಾರಿಯು ಸುಮಾರು 3 ಕಿ.ಮೀ. ಉದ್ದವಿದ್ದು, ಲಾರ್ಚ್ ಮತ್ತು ಎಲ್ಮ್ ಮರಗಳ ನೆರಳಿನಲ್ಲಿ ಒಂದು ಗಂಟೆಯೊಳಗೆ ಮ್ಯೋಜಿನ್ ಸೇತುವೆಯ ಬಳಿಗೆ ಕರೆದೊಯ್ಯುತ್ತದೆ. ಸೇತುವೆಯನ್ನು ದಾಟಿದರೆ ಕೊಳ ಸಮೀಪದಲ್ಲಿದೆ. ಹಿಂದಿರುಗುವಾಗ ಬಲದಂಡೆಯ ದಾರಿಯನ್ನು ಹಿಡಿಯುವುದು ರೂಢಿ. ಇದು ತುಸು ಉದ್ದವಾದರೂ ದಾಕೆಸಾವಾ ಜೌಗುಭೂಮಿಯ ಮರದ ಹಲಗೆಯ ಹಾದಿಯನ್ನು ಹಾದುಹೋಗುತ್ತದೆ. ಇಡೀ ಸುತ್ತನ್ನು ಎರಡೂವರೆ ಗಂಟೆಯಷ್ಟು ಅವಧಿಯಲ್ಲಿ ಮುಗಿಸಬಹುದು.

ಧಾರ್ಮಿಕ ಮಹತ್ವ

ಕೊಳವು ಹೊತಾಕಾ ಶಿಂತೋ ದೇಗುಲದ ಒಳಸನ್ನಿಧಿಯ ಆವರಣದೊಳಗಿದ್ದು, ಪ್ರವೇಶಕ್ಕೆ ಶುಲ್ಕವಿದೆ. ಮುಖ್ಯ ದೇಗುಲವು ಕಣಿವೆಯ ಹೊರಗೆ ಅಜುಮಿನೊ ನಗರದಲ್ಲಿದೆ. ಇಲ್ಲಿನ ದೇವತೆಯನ್ನು ಆರಾಧಿಸುತ್ತಿದ್ದ ಅಜುಮಿ ಕುಲದವರು ಮೂಲತಃ ಕ್ಯೂಶೂ ದ್ವೀಪದ ಕಡಲವರು. ಪ್ರತಿವರ್ಷ ಅಕ್ಟೋಬರ್ 8ರಂದು ಪುರೋಹಿತರು ಪ್ರಾಚೀನ ಉಡುಪು ಧರಿಸಿ, ಅಲಂಕೃತ ದೋಣಿಗಳಲ್ಲಿ ಕೊಳವನ್ನು ಸುತ್ತುತ್ತಾರೆ. ಕಡಲಿನಿಂದ ದೂರದ ಪರ್ವತ ಪ್ರದೇಶದಲ್ಲಿ ದೋಣಿಯ ಉತ್ಸವ ನಡೆಯುವುದರ ಹಿನ್ನೆಲೆ ಈ ಕುಲಮೂಲದಲ್ಲಿದೆ.

ಇತಿಹಾಸ

ಕೊಳದ ಸಮೀಪದಲ್ಲಿ ಬೇಟೆಗಾರ ಕಾಮಿಜೋ ಕಾಮೊಂಜಿ ಕಟ್ಟಿದ ಗುಡಿಸಲು ಇಂದು ಅವನ ಹೆಸರಿನ ತಂಗುಮನೆಯಾಗಿದೆ. ಆಂಗ್ಲ ಪಾದ್ರಿ ವಾಲ್ಟರ್ ವೆಸ್ಟನ್ (1861–1940) ಈ ಪರ್ವತಗಳನ್ನು ಏರಿದಾಗ ಮಾರ್ಗದರ್ಶಕನಾಗಿದ್ದವನು ಕಾಮೊಂಜಿ. ವೆಸ್ಟನ್ 1896ರಲ್ಲಿ ಪ್ರಕಟಿಸಿದ ಗ್ರಂಥದಿಂದ ಜಪಾನಿನ ಆಲ್ಪ್ಸ್ ಪರ್ವತಗಳು ಹೊರಜಗತ್ತಿಗೆ ಪರಿಚಿತವಾದವು. ಅಕುತಗಾವಾ ರ್‍ಯುನೊಸುಕೆ 1927ರಲ್ಲಿ ಬರೆದ 'ಕಪ್ಪಾ' ಎಂಬ ಕಥೆಯು ಈ ಕಣಿವೆಯಲ್ಲಿ ಆರಂಭವಾಗುತ್ತದೆ.

ಸಸ್ಯ ಮತ್ತು ಪ್ರಾಣಿಗಳು

ನದಿಪಾತ್ರದಲ್ಲಿ ಬೆಳೆಯುವ ಕೆಶೋಯನಾಗಿ ಎಂಬ ವಿಲ್ಲೋ ಮರವು ಹೊನ್ಶೂ ದ್ವೀಪದಲ್ಲಿ ಈ ಭಾಗದ ಹೊರಗೆ ಕಾಣಸಿಗುವುದು ಬಲು ಅಪರೂಪ. ಮೇ ತಿಂಗಳಲ್ಲಿ ಕಾಡಿನ ನೆಲವನ್ನು ನಿರಿನ್ಸೋ ಎಂಬ ಬಿಳಿಯ ಹೂಗಳು ಮುಚ್ಚುತ್ತವೆ. ಜಪಾನಿ ಕೋತಿಗಳು ದಾರಿಯ ಬದಿಯಲ್ಲೇ ಓಡಾಡುತ್ತವೆ. ಈ ಕಣಿವೆಯ ಕೋತಿಗಳು ಚಳಿಗಾಲದಲ್ಲಿ ಮೀನನ್ನೂ ತಿನ್ನುತ್ತವೆಂದು 2021ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಕಪ್ಪು ಕರಡಿಗಳೂ ಇಲ್ಲಿ ವಾಸಿಸುವುದರಿಂದ ಅನೇಕ ಚಾರಣಿಗರು ಚೀಲಕ್ಕೆ ಗಂಟೆ ಕಟ್ಟಿಕೊಂಡು ನಡೆಯುತ್ತಾರೆ.

ಸಂರಕ್ಷಣೆ

ಸುತ್ತಲಿನ ಶಿಖರಗಳು ನಿರಂತರವಾಗಿ ಸವೆಯುತ್ತಿದ್ದು, ಆ ಕಲ್ಲುಮಣ್ಣು ಕಣಿವೆಗೆ ಇಳಿಯುತ್ತದೆ. ಕಣಿವೆಯ ಕೆಳಭಾಗದಲ್ಲಿರುವ ತಾಯಿಶೋ ಕೊಳವು 1915ರಲ್ಲಿ ಯಾಕೆದಾಕೆ ಜ್ವಾಲಾಮುಖಿ ಸಿಡಿದು, ಕೆಸರಿನ ಹರಿವು ಅಜುಸಾ ನದಿಯನ್ನು ತಡೆದಾಗ ಹುಟ್ಟಿತು. ಅಂದಿನಿಂದ ಹೂಳು ತುಂಬಿ ಅದು ಬಹುಪಾಲು ಕುಗ್ಗಿದ್ದು, ಹೂಳೆತ್ತುವ ಕೆಲಸದಿಂದ ಉಳಿದುಕೊಂಡಿದೆ.

ನದಿಯ ಪ್ರವಾಹವು ಕಾಲುದಾರಿಗೂ ಕಟ್ಟಡಗಳಿಗೂ ಅಪಾಯಕಾರಿಯಾದುದರಿಂದ ಹಲವೆಡೆ ದಂಡೆಗಳನ್ನು ಬಲಪಡಿಸಲಾಗಿದೆ. ಆದರೆ ಕೆಶೋಯನಾಗಿಯ ಬೀಜ ಮೊಳೆಯಲು ಪ್ರವಾಹವು ಹೊಸದಾಗಿ ಹರಡಿದ ಬರಿಯ ಮರಳು-ಜಲ್ಲಿಯ ನೆಲ ಬೇಕು. ನದಿಯನ್ನು ಕಟ್ಟಿಹಾಕಿದರೆ ಹಳೆಯ ಮರಗಳು ಉಳಿದರೂ ಎಳೆಯ ಮರಗಳು ಹುಟ್ಟುವುದಿಲ್ಲ. ದಾರಿಯ ಸುರಕ್ಷತೆ ಮತ್ತು ಕಾಡಿನ ಮುಂದುವರಿಕೆ, ಇವೆರಡನ್ನೂ ಸರಿದೂಗಿಸುವುದು ಇಲ್ಲಿನ ಸಂರಕ್ಷಣೆಯ ಮುಖ್ಯ ಸಮಸ್ಯೆಯಾಗಿದೆ.

ತಲುಪುವ ಬಗೆ

ವಾಹನದಟ್ಟಣೆಯನ್ನು ತಡೆಯಲು 1975ರಿಂದ ಖಾಸಗಿ ವಾಹನಗಳಿಗೆ ನಿರ್ಬಂಧ ಹೇರಲಾಯಿತು. ಈಗ ಅದು ವರ್ಷವಿಡೀ ಜಾರಿಯಲ್ಲಿದೆ. ಪ್ರವಾಸಿಗರು ಸಾವಾಂದೊ ಅಥವಾ ಹಿರಾಯುವಿನಲ್ಲಿ ವಾಹನ ನಿಲ್ಲಿಸಿ ಬಸ್ಸು ಇಲ್ಲವೆ ಟ್ಯಾಕ್ಸಿಯಲ್ಲಿ ಬರಬೇಕು. ಕಣಿವೆಯು ಏಪ್ರಿಲ್ ಮಧ್ಯಭಾಗದಿಂದ ನವೆಂಬರ್ 15ರವರೆಗೆ ತೆರೆದಿರುತ್ತದೆ. ಚಳಿಗಾಲದಲ್ಲಿ ಬಸ್ಸುಗಳು ಸಂಚರಿಸುವುದಿಲ್ಲ, ತಂಗುಮನೆಗಳೂ ಮುಚ್ಚಿರುತ್ತವೆ.