ಶ್ರೀರಾಮಪುರದ ಅಚ್ಚುಕೂಟ

ಕೈಕೊಂಡ ಕಾರ್ಯವನ್ನು ವಿಘ್ನಗಳ ನಡುವೆಯೂ ಬಿಡದವನೇ ಉತ್ತಮನೆಂಬುದು ಭರ್ತೃಹರಿಯ ಮತ. ಆದರೆ ಹಾಗೆ ಬಿಡದೆ ನಿಲ್ಲುವ ಶಕ್ತಿಯು ಮನುಷ್ಯನಿಗೆ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗೆ ಒಬ್ಬ ಕ್ರೈಸ್ತ ಭಕ್ತನ ಜೀವಿತವು ಕೊಡುವ ಉತ್ತರವನ್ನು ಈಗ ವಿಚಾರಮಾಡೋಣ.

ವಿಲಿಯಂ ಕೇರಿಯವರು 1761ರಲ್ಲಿ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ನೇಯ್ಗೆಯವರ ಮನೆಯಲ್ಲಿ ಹುಟ್ಟಿದರು. ಜೋಡು ಹೊಲಿಯುವುದು ಅವರ ವೃತ್ತಿ. ಆ ಕೆಲಸದ ಬಿಡುವಿನಲ್ಲಿಯೇ ಅವರು ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಸ್ವಪ್ರಯತ್ನದಿಂದ ಕಲಿತರು. 1793ರಲ್ಲಿ ಹೆಂಡತಿ ಮಕ್ಕಳೊಡನೆ ಬಂಗಾಳಕ್ಕೆ ಬಂದರು. ಬಂದ ಮರುವರ್ಷವೇ ಐದು ವರ್ಷದ ಮಗ ಪೀಟರ್ ಜ್ವರಾತಿಸಾರದಿಂದ ತೀರಿಕೊಂಡನು. ಮನಸ್ಸಿಲ್ಲದೆಯೇ ಕಡಲು ದಾಟಿ ಬಂದಿದ್ದ ಪತ್ನಿ ಡಾರತಿಗೆ ಬುದ್ಧಿಭ್ರಮಣೆಯಾಯಿತು. 1807ರಲ್ಲಿ ಆಕೆ ಸಾಯುವವರೆಗೂ ಆ ರೋಗವು ವಾಸಿಯಾಗಲಿಲ್ಲ. ಗಂಡನ ಸ್ಥೈರ್ಯವನ್ನು ಕೊಂಡಾಡುವವರು, ಆ ಸ್ಥೈರ್ಯಕ್ಕೆ ಈ ಹೆಂಗಸು ತೆತ್ತ ಬೆಲೆಯನ್ನೂ ಮರೆಯಬಾರದು.

ಕ್ರೈಸ್ತ ಬೋಧಕರನ್ನು ಈಸ್ಟ್ ಇಂಡಿಯಾ ಕಂಪೆನಿಯು ಸಹಿಸುತ್ತಿರಲಿಲ್ಲ. ಆದುದರಿಂದ 1800ರಲ್ಲಿ ಕೇರಿಯವರು ಹೂಗ್ಲಿ ನದಿಯ ದಡದಲ್ಲಿ ಡೇನರಿಗೆ ಸೇರಿದ್ದ ಶ್ರೀರಾಮಪುರಕ್ಕೆ ಹೋಗಿ, ಮಾರ್ಷ್‌ಮನ್, ವಾರ್ಡ್ ಎಂಬ ಮಿತ್ರರೊಡನೆ ಸೇರಿ ಅಚ್ಚುಕೂಟವನ್ನು ನಡೆಯಿಸಿದರು. ಪಂಚಾನನ ಕರ್ಮಕಾರನೂ ಅವನ ಅಳಿಯ ಮನೋಹರನೂ ದೇಶಭಾಷೆಗಳ ಅಕ್ಷರಗಳನ್ನು ಉಕ್ಕಿನಲ್ಲಿ ಕೊರೆದುಕೊಟ್ಟರು. 1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆಯು ಹೊರಬಂದಿತು. ಮುಂದೆ ಒಂದೊಂದಾಗಿ ಅನೇಕ ಭಾಷೆಗಳು ಸೇರಿದುವು.

1812ನೆಯ ಇಸವಿ ಮಾರ್ಚಿ 11ನೆಯ ತಾರೀಖು ಸಾಯಂಕಾಲ ಆ ಅಚ್ಚುಕೂಟಕ್ಕೆ ಬೆಂಕಿ ಹತ್ತಿತು. ಕೇರಿಯವರು ಆಗ ಕಲ್ಕತ್ತೆಯಲ್ಲಿದ್ದರು. ಮಾರನೆಯ ದಿನ ಮಾರ್ಷ್‌ಮನ್ನರು ಹೋಗಿ ಸುದ್ದಿಯನ್ನು ತಿಳಿಸಿದರು. ರಾಶಿ ರಾಶಿ ಕಾಗದ ಬೂದಿಯಾಗಿತ್ತು. ಮೊಳೆಗಳು ಕರಗಿ ಸೀಸದ ಮುದ್ದೆಯಾಗಿದ್ದುವು. ಇವುಗಳನ್ನು ಹಣದಿಂದ ಮತ್ತೆ ಪಡೆಯಬಹುದು. ಆದರೆ ಹಸ್ತಪ್ರತಿಗಳನ್ನು? ಸಂಸ್ಕೃತವನ್ನೂ ಅದರ ನಂಟಿನ ಭಾಷೆಗಳನ್ನೂ ಒಟ್ಟುಗೂಡಿಸಿ ವರ್ಷಗಟ್ಟಲೆ ಬರೆದಿದ್ದ ಮಹಾನಿಘಂಟು, ತೆಲುಗು ವ್ಯಾಕರಣ, ರಾಮಾಯಣದ ಭಾಷಾಂತರದ ಒಂದು ಭಾಗ, ನಮ್ಮ ಕನ್ನಡದ ಹೊಸ ಒಡಂಬಡಿಕೆಯ ಪ್ರತಿ, ಎಲ್ಲವೂ ಅಗ್ನಿಗೆ ಆಹುತಿಯಾದುವು. ಆಗ ಅವರಿಗೆ ವಯಸ್ಸು ಐವತ್ತು.

ಅವರು ಅತ್ತರು, ಶ್ರೀರಾಮಪುರಕ್ಕೆ ಹಿಂದಿರುಗಿದರು. ಬೂದಿಯನ್ನು ಕೆದಕಿದಾಗ ಅಕ್ಷರ ಕೊರೆದ ಉಕ್ಕಿನ ಕಡ್ಡಿಗಳು ಕೆಡದೆ ಸಿಕ್ಕಿದುವು. ಮುದ್ರಣಯಂತ್ರಗಳೂ ಬೇರೆ ಮನೆಯಲ್ಲಿದ್ದು ಉಳಿದಿದ್ದುವು. ಕರಗಿದ ಸೀಸದಿಂದಲೇ ಹೊಸ ಮೊಳೆಗಳನ್ನು ಹಗಲಿರುಳೂ ಎರಕಹೊಯ್ಯಲಾರಂಭಿಸಿದರು. ಮುಂದಿನ ಭಾನುವಾರ ಕೇರಿಯವರು 46ನೆಯ ಕೀರ್ತನೆಯ ಒಂದು ವಚನವನ್ನು ಆಧಾರವಾಗಿಟ್ಟುಕೊಂಡು ಉಪದೇಶಮಾಡಿದರು. ನಮ್ಮನ್ನು ತನ್ನ ಇಚ್ಛೆಯಂತೆ ನಡೆಯಿಸುವ ಅಧಿಕಾರ ದೇವರದು, ಅದಕ್ಕೆ ಒಪ್ಪುವುದು ನಮ್ಮ ಧರ್ಮ ಎಂಬುದೇ ಅದರ ತಾತ್ಪರ್ಯ. ಸುದ್ದಿ ಮುಟ್ಟಿದ ಮೇಲೆ ಇಂಗ್ಲೆಂಡಿನ ಜನರು ನಷ್ಟಕ್ಕೆ ಬೇಕಾದ ಹಣವನ್ನು ಎರಡು ತಿಂಗಳೊಳಗಾಗಿ ಕೂಡಿಸಿದರು.

ಹೀಗೆ ಒಪ್ಪಿದುದರ ಅರ್ಥ ಕೈಕಟ್ಟಿ ಕುಳಿತುದಲ್ಲ. ದಹಿಸಿಹೋದ ತೆಲುಗು ವ್ಯಾಕರಣವು ಮತ್ತೆ ಬರೆಯಲ್ಪಟ್ಟು 1814ರಲ್ಲಿ ಅಚ್ಚಾಯಿತು. 1817ರಲ್ಲಿ ಅದೇ ಅಚ್ಚುಕೂಟದಿಂದ ಕೇರಿಯವರ ಕರ್ನಾಟಕ ಭಾಷಾ ವ್ಯಾಕರಣವು ಹೊರಬಿದ್ದಿತು. ಕನ್ನಡ ನಾಡಿನಲ್ಲಿ ನೆಲಸದ ಒಬ್ಬನು, ಬೂದಿಯಿಂದೆದ್ದ ಅಚ್ಚುಕೂಟದಲ್ಲಿ ನಮ್ಮ ನುಡಿಗೆ ಸಲ್ಲಿಸಿದ ಸೇವೆಯಿದು. ಮಹಾನಿಘಂಟು ಮಾತ್ರ ಮತ್ತೆ ಹುಟ್ಟಲಿಲ್ಲ. ಎಲ್ಲ ನಷ್ಟವೂ ತುಂಬಿಬರುವುದೆಂದು ಯಾವ ಶ್ರದ್ಧೆಯೂ ಮಾತು ಕೊಡಲಾರದು.

1834ರಲ್ಲಿ ಶ್ರೀರಾಮಪುರದಲ್ಲಿಯೇ ಅವರು ತೀರಿಕೊಂಡರು. ತಮ್ಮಲ್ಲಿ ವಿಶೇಷ ಪ್ರತಿಭೆಯಿಲ್ಲ, ಬಿಡದೆ ದುಡಿಯುವ ಗುಣವೊಂದಿದೆಯೆಂದು ಅವರೇ ತಮ್ಮನ್ನು ಕುರಿತು ಭಾವಿಸಿದ್ದರು. ಅವರ ಭಕ್ತಿಯು ಅವರನ್ನು ದುಃಖದಿಂದ ತಪ್ಪಿಸಲಿಲ್ಲ. ದುಃಖದ ಮರುದಿನ ಬೆಳಗ್ಗೆ ಅವರನ್ನು ಎಬ್ಬಿಸಿ ಬರೆಯುವ ಮೇಜಿನ ಮುಂದೆ ಕೂರಿಸಿತು. ಮತ ಯಾವುದೇ ಆಗಲಿ, ಶ್ರದ್ಧೆಯಿಂದ ಮನುಷ್ಯನು ಕೇಳಿಕೊಳ್ಳಬಹುದಾದ ದೊಡ್ಡ ವರವು ಪ್ರಾಯಶಃ ಇಷ್ಟೇ.