ಕಿರಿಯ ತರಗತಿಗಳ ದೈಹಿಕ ಶಿಕ್ಷಣ: ಚಲನೆಯ ಪಥ ಮತ್ತು ದಿಕ್ಕುಗಳ ಕಲಿಕೆ – ಪೋಷಕರಿಗೆ ಮಾಹಿತಿ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಹಾಗೂ ಯಳಂದೂರು ತಾಲ್ಲೂಕುಗಳ ಶಾಲೆಗಳಲ್ಲಿ 1ರಿಂದ 3ನೇ ತರಗತಿಯಲ್ಲಿ ಓದುವ ಮಕ್ಕಳ ಪೋಷಕರ ಅನುಕೂಲಕ್ಕಾಗಿ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

ಉದ್ದೇಶ
ಈ ಭಾಗದ ಅನೇಕ ಮಕ್ಕಳು ರಸ್ತೆಯಂಚಿನಲ್ಲಿ ಅಥವಾ ಕಾಡಂಚಿನ ಹಾದಿಯಲ್ಲಿ ನಡೆದು ಶಾಲೆಗೆ ಬರುತ್ತಾರೆ. "ನಿಲ್ಲು", "ಎಡಕ್ಕೆ ಸರಿ" ಎಂಬ ಮಾತಿಗೆ ಮಗು ಕೂಡಲೇ ಸ್ಪಂದಿಸುವುದು ಸುರಕ್ಷತೆಯ ವಿಷಯವಾಗಿರುತ್ತದೆ. ಆದುದರಿಂದ ಈ ಕಲಿಕೆಯನ್ನು ಕೇವಲ ಆಟವೆಂದು ಭಾವಿಸತಕ್ಕದ್ದಲ್ಲ.

ಕಲಿಕಾಂಶಗಳು
1. ಪಥ: ನೇರ, ಬಾಗಿದ ಮತ್ತು ಅಂಕುಡೊಂಕಾದ ಹಾದಿಯಲ್ಲಿ ನಡೆಯುವುದು, ಓಡುವುದು, ಕುಪ್ಪಳಿಸುವುದು.
2. ದಿಕ್ಕು: ಮುಂದೆ, ಹಿಂದೆ, ಎಡ, ಬಲ, ಮೇಲೆ, ಕೆಳಗೆ.
3. ಊರಿನ ದಿಕ್ಕುಗಳು: ಮೂಡಲು, ಪಡುವಲು, ತೆಂಕಲು, ಬಡಗಲು. ಯಳಂದೂರಿನ ಮಕ್ಕಳಿಗೆ ಬಿಳಿಗಿರಿರಂಗನ ಬೆಟ್ಟದ ಸಾಲು ಮೂಡಲಿಗೆ, ಕೊಳ್ಳೇಗಾಲದವರಿಗೆ ಕಾವೇರಿ ನದಿ ಬಡಗಲಿಗೆ ಗುರುತಾಗಬಲ್ಲವು.

ಕಲಿಸುವ ಕ್ರಮ
ನೆಲದ ಮೇಲೆ ಸುಣ್ಣದ ಪುಡಿಯಿಂದ ಗೆರೆ ಎಳೆದು ಅಥವಾ ಹಗ್ಗ ಹಾಸಿ, ಮೊದಲು ನಡಿಗೆ, ನಂತರ ಓಟವನ್ನು ಅಭ್ಯಾಸ ಮಾಡಿಸಬಹುದು. ದುಬಾರಿ ಸಲಕರಣೆಗಳ ಅಗತ್ಯವಿರುವುದಿಲ್ಲ. ಶಿಕ್ಷಕರು ಮಕ್ಕಳಿಗೆ ಎದುರಾಗಿ ನಿಂತರೆ ಎಡಬಲಗಳು ಅದಲುಬದಲಾಗಿ ಕಾಣುವುದರಿಂದ, ಆರಂಭದಲ್ಲಿ ಮಕ್ಕಳಿಗೆ ಬೆನ್ನು ಮಾಡಿ ನಿಂತು ತೋರಿಸುವುದು ಸೂಕ್ತ. ಎದುರಿಗಿರುವವರ ಎಡಬಲ ಗುರುತಿಸುವ ಶಕ್ತಿ ಮಕ್ಕಳಿಗೆ ತಡವಾಗಿ ಬರುತ್ತದೆ. ತಪ್ಪಿದ ಮಗುವನ್ನು ದಡ್ಡನೆಂದು ಹೀಯಾಳಿಸಬಾರದು. ಸೋಲಿಗ ಸಮುದಾಯದ ಮಕ್ಕಳಿಗೆ ಮನೆಮಾತಿನ ಪದಗಳನ್ನೂ ಬಳಸುವುದು ಒಳಿತು.

ಮುಂದಿನ ತರಗತಿಗಳಲ್ಲಿ ಖೋ ಖೋ ಆಟಕ್ಕೆ ಇದೇ ಅಡಿಪಾಯ. ಅದರಲ್ಲಿ ಬೆನ್ನಟ್ಟುವವರು ಹಿಡಿದ ದಿಕ್ಕನ್ನು ಕಂಬ ತಲುಪುವವರೆಗೆ ಬದಲಿಸುವಂತಿಲ್ಲ. ತಪ್ಪಿಸಿಕೊಳ್ಳುವವರು ಕುಳಿತವರ ನಡುವೆ ಅಂಕುಡೊಂಕಾಗಿ ನುಸುಳಬಹುದು.

ಪೋಷಕರ ಗಮನಕ್ಕೆ
• 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಸೂಚಿಸಿರುವುದು 6ರಿಂದ 8ನೇ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗಳಿಗೆ. ಪ್ರತ್ಯೇಕ ದೈಹಿಕ ಶಿಕ್ಷಕರಿಲ್ಲದ ಕಿರಿಯ ಶಾಲೆಗಳಲ್ಲಿ ತರಗತಿ ಶಿಕ್ಷಕರೇ ಇದನ್ನು ಕಲಿಸಬೇಕಾಗುತ್ತದೆ. ಶಿಕ್ಷಕರಿಲ್ಲವೆಂಬ ಕಾರಣಕ್ಕೆ ಆಟದ ಅವಧಿಯನ್ನು ಕೈಬಿಡುವುದು ಸರಿಯಲ್ಲ.
• ಅದೇ ಕಾಯ್ದೆಯ ಕಲಂ 17ರಂತೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ನಿಷಿದ್ಧ. ದಿಕ್ಕು ತಪ್ಪಿದ ಮಗುವನ್ನು ಹೊಡೆಯುವಂತಿಲ್ಲ.
• 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಕಲಂ 16ರಂತೆ ವಿಕಲಚೇತನ ಮಕ್ಕಳಿಗೆ ಕ್ರೀಡೆಯಲ್ಲಿ ಇತರರೊಂದಿಗೆ ಸಮಾನ ಅವಕಾಶ ನೀಡತಕ್ಕದ್ದು. ಗಾಲಿಕುರ್ಚಿಯ ಮಗುವಿಗೆ ಅಗಲವಾದ ಪಥ, ದೃಷ್ಟಿದೋಷವುಳ್ಳ ಮಗುವಿಗೆ ಚಪ್ಪಾಳೆಯ ಸದ್ದು ನೆರವಾಗುತ್ತದೆ.

ಮನವಿ ಸಲ್ಲಿಸುವ ವಿಧಾನ
ಮಗುವಿಗೆ ಆಟದ ಅವಧಿ ದೊರೆಯದಿದ್ದಲ್ಲಿ ಪೋಷಕರು ಮೊದಲು ಮುಖ್ಯ ಶಿಕ್ಷಕರಿಗೆ ಬರವಣಿಗೆಯಲ್ಲಿ ಮನವಿ ನೀಡಬಹುದು. ಸರ್ಕಾರಿ ಶಾಲೆಯಾಗಿದ್ದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿಯೂ ವಿಷಯ ಮಂಡಿಸಬಹುದು. ಪರಿಹಾರ ದೊರೆಯದಿದ್ದಲ್ಲಿ ಸಂಬಂಧಪಟ್ಟ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು, ತದನಂತರ ಚಾಮರಾಜನಗರದ ಉಪನಿರ್ದೇಶಕರನ್ನು ಸಂಪರ್ಕಿಸಬಹುದಾಗಿದೆ. ಮನವಿಯಲ್ಲಿ ಮಗುವಿನ ಹೆಸರು, ತರಗತಿ, ಶಾಲೆ ಹಾಗೂ ಗ್ರಾಮವನ್ನು ನಮೂದಿಸಿ, ಪ್ರತಿಯೊಂದಕ್ಕೆ ಸ್ವೀಕೃತಿ ಪಡೆದು ಇಟ್ಟುಕೊಳ್ಳತಕ್ಕದ್ದು.