ರಾನ್ ಸ್ಯಾಂಟೊ: ಮಧುಮೇಹದೊಂದಿಗೆ ಬೇಸ್‌ಬಾಲ್ ಬದುಕು

ಸ್ಯಾಂಟೊ, ರಾನ್ (1940–2010): ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಆಟಗಾರ. ಷಿಕಾಗೊ ಕಬ್ಸ್ ತಂಡದ ಥರ್ಡ್ ಬೇಸ್ ಕಾಯುತ್ತಿದ್ದವರು, ಮುಂದೆ ಅದೇ ತಂಡದ ರೇಡಿಯೊ ವೀಕ್ಷಕ ವಿವರಣೆಗಾರರಾದವರು. ಮೇಜರ್ ಲೀಗ್‌ನಲ್ಲಿ ಅವರು ಆಡಿದ 15 ಋತುಗಳೂ ಟೈಪ್ 1 ಮಧುಮೇಹದ ಜೊತೆಗೇ ಕಳೆದವು. ಬೆರಳಿಗೆ ಸೂಜಿ ಚುಚ್ಚಿ ಮನೆಯಲ್ಲೇ ಸಕ್ಕರೆ ಅಳೆಯುವ ಯಂತ್ರ ಜನರ ಕೈಗೆ ಬರುವ ಮೊದಲೇ ಅವರ ಆಟ ಮುಗಿದಿತ್ತು.

ಸ್ಯಾಂಟೊ ಹುಟ್ಟಿದ್ದು 1940ರ ಫೆಬ್ರವರಿ 25ರಂದು, ವಾಷಿಂಗ್ಟನ್ ರಾಜ್ಯದ ಸಿಯಾಟಲ್‌ನಲ್ಲಿ. ವೃತ್ತಿ ಬೇಸ್‌ಬಾಲ್‌ಗೆ ಕಾಲಿಡುವ ಹೊತ್ತಿಗೆ, ಹದಿನೆಂಟನೆಯ ವಯಸ್ಸಿನಲ್ಲಿ, ಮಾಮೂಲು ವೈದ್ಯಕೀಯ ತಪಾಸಣೆಯಲ್ಲಿ ಅವರ ಮೂತ್ರದಲ್ಲಿ ಸಕ್ಕರೆ ಕಾಣಿಸಿತು. ಮನೆಯಲ್ಲಿ ಯಾರಿಗೂ ಈ ಕಾಯಿಲೆಯ ಪರಿಚಯವಿರಲಿಲ್ಲ. ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತೆರೆದರೆ ಕಣ್ಣು ಹೋಗುವುದು, ಮೂತ್ರಪಿಂಡ ಕೆಡುವುದು, ರಕ್ತನಾಳ ಪೆಡಸಾಗುವುದು ಎಲ್ಲವೂ ಅಲ್ಲಿತ್ತು. ಕಾಯಿಲೆ ಬಂದ ಮೇಲೆ ಇಪ್ಪತ್ತೈದು ವರ್ಷದ ಆಯುಷ್ಯ ಎಂದೂ ಬರೆದಿತ್ತು. ಇದನ್ನು ಓದಿದ ಹುಡುಗ ಆಟ ಬಿಡಲಿಲ್ಲ, 1959ರಲ್ಲಿ ಕಬ್ಸ್ ಸೇರಿದ. 1960ರ ಜೂನ್ 26ರಂದು ಪಿಟ್ಸ್‌ಬರ್ಗ್‌ನಲ್ಲಿ ಮೊದಲ ಮೇಜರ್ ಲೀಗ್ ಪಂದ್ಯ ಆಡಿದ.

ಟೈಪ್ 1 ಮಧುಮೇಹದಲ್ಲಿ ದೇಹ ತನ್ನ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಕೋಶಗಳನ್ನು ತಾನೇ ನಾಶ ಮಾಡಿಕೊಳ್ಳುತ್ತದೆ. 1921ರಲ್ಲಿ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದ ಮೇಲೆ ರೋಗಿಗಳ ಜೀವವೇನೋ ಉಳಿಯಿತು. ಆದರೆ ಎಷ್ಟು ಚುಚ್ಚಿಕೊಳ್ಳಬೇಕು ಎಂಬುದು ದಶಕಗಳ ಕಾಲ ಅಂದಾಜಿನ ಮಾತಾಗಿಯೇ ಇತ್ತು. ಮೂತ್ರ ಪರೀಕ್ಷೆ ಹೇಳುತ್ತಿದ್ದದ್ದು ಕೆಲವು ಗಂಟೆ ಹಿಂದಿನ ಸಂಗತಿ. ಆಟಗಾರನಿಗೆ ಬೇಕಿದ್ದದ್ದು ಆ ಕ್ಷಣದ ಸ್ಥಿತಿ. ಓಡಾಟದಿಂದ ಸಕ್ಕರೆ ಇಳಿಯುತ್ತದೆ, ಉದ್ವೇಗದಿಂದ ಏರುತ್ತದೆ, ಪಂದ್ಯದಲ್ಲಿ ಎರಡೂ ಇರುತ್ತವೆ. ಸಾಲದ್ದಕ್ಕೆ ಕಬ್ಸ್ ತಂಡದ ಮನೆಯಂಗಳವಾದ ರಿಗ್ಲಿ ಫೀಲ್ಡ್‌ಗೆ 1988ರವರೆಗೂ ದೀಪಗಳಿರಲಿಲ್ಲ. ಅಲ್ಲಿನ ಪಂದ್ಯಗಳೆಲ್ಲ ಹಗಲಲ್ಲೇ, ಬೇಸಿಗೆಯ ಬಿಸಿಲಲ್ಲೇ ನಡೆಯುತ್ತಿದ್ದವು.

ಸ್ಯಾಂಟೊ ತಮ್ಮ ಮೈಯನ್ನೇ ಮಾಪಕ ಮಾಡಿಕೊಂಡರು. ಸಿಡುಕು, ಬೆವರು, ಕೈನಡುಕ, ಮಂಜಾಗುವ ಕಣ್ಣು, ಇವೇ ಸೂಚನೆಗಳು. ಸೂಚನೆ ಸಿಕ್ಕಿದರೆ ಕಿತ್ತಳೆ ರಸ, ಇಲ್ಲವೆ ಚಾಕೊಲೇಟ್. ಒಂದು ಪಂದ್ಯದ ಕಥೆಯನ್ನು ಅವರು ಹಲವು ಬಾರಿ ಹೇಳಿಕೊಂಡಿದ್ದಾರೆ. ತಂಡದ ಜೊತೆಗಾರ ಬಿಲ್ಲಿ ವಿಲಿಯಮ್ಸ್ ಬ್ಯಾಟ್ ಹಿಡಿದು ನಿಂತಿದ್ದಾಗ, ಮುಂದಿನ ಸರದಿಗೆ ಕಾಯುತ್ತಿದ್ದ ಸ್ಯಾಂಟೊಗೆ ಶುಗರ್ ಇಳಿಯತೊಡಗಿತು. ವಿಲಿಯಮ್ಸ್ ಔಟಾಗಿ ಸರದಿ ಮುಗಿದರೆ ಒಳಗೆ ಓಡಿ ಏನಾದರೂ ತಿನ್ನಬಹುದಿತ್ತು. ಬದಲಿಗೆ ಅವರೂ ಬೇಸ್ ಸೇರಿ ಮೂರೂ ಬೇಸ್ ತುಂಬಿದವು. ಬೇಗ ಮುಗಿಸಿ ಹೋಗುವುದೇ ದಾರಿಯೆಂದು ಹೊರಟ ಸ್ಯಾಂಟೊಗೆ ಒಂದು ಚೆಂಡು ಮೂರಾಗಿ ಕಂಡಿತು. ನಡುವಿನದಕ್ಕೆ ಬ್ಯಾಟ್ ಬೀಸಿದರು, ಚೆಂಡು ಗೋಡೆಯಾಚೆ ಬಿತ್ತು. ನಾಲ್ಕು ರನ್ ತಂದ ಹೋಂ ರನ್ ಅದು. ತಿನ್ನುವ ಆತುರದಲ್ಲಿ ಅವರು ಬೇಸ್‌ಗಳನ್ನು ಸುತ್ತುತ್ತ, ನಿಧಾನವಾಗಿ ಓಡುತ್ತಿದ್ದ ವಿಲಿಯಮ್ಸ್‌ರನ್ನು ಇನ್ನೇನು ದಾಟಿಬಿಡುವುದರಲ್ಲಿದ್ದರು.

ಇದೆಲ್ಲ ಗುಟ್ಟಾಗಿಯೇ ನಡೆಯುತ್ತಿತ್ತು. ವಿಷಯ ತಿಳಿದರೆ ತಂಡದಿಂದ ಕೈಬಿಡುತ್ತಾರೆಂಬ ಭಯ ಅವರಿಗಿತ್ತು, ಆ ಕಾಲಕ್ಕೆ ಅದು ಅಕಾರಣ ಭಯವಲ್ಲ. 1963ರಲ್ಲಿ ಮೊದಲ ಬಾರಿಗೆ ಆಲ್-ಸ್ಟಾರ್ ಗೌರವ ಸಿಕ್ಕಿ ಸ್ಥಾನ ಭದ್ರವಾದ ಮೇಲಷ್ಟೇ ತಂಡದವರಿಗೆ ತಿಳಿಸಿದರು. ಸಾರ್ವಜನಿಕರಿಗೆ ಗೊತ್ತಾದದ್ದು 1971ರ ಆಗಸ್ಟ್ 28ರಂದು, ರಿಗ್ಲಿಯಲ್ಲಿ ಅವರ ಹೆಸರಿನಲ್ಲೇ ಏರ್ಪಟ್ಟ ಸನ್ಮಾನದ ಸಂದರ್ಭದಲ್ಲಿ.

1961ರಿಂದ 1971ರವರೆಗೆ ಹನ್ನೊಂದು ವರ್ಷ ಅವರು ಯಾವ ಋತುವಿನಲ್ಲೂ 154 ಪಂದ್ಯಗಳಿಗಿಂತ ಕಡಿಮೆ ಆಡಲಿಲ್ಲ. ಅವರ ದಾಖಲೆಗಳಲ್ಲಿ ಇದೇ ದೊಡ್ಡದೆಂದು ಹೇಳಬೇಕು. ಉಳಿದವೂ ಸಣ್ಣವಲ್ಲ: ಒಟ್ಟು 342 ಹೋಂ ರನ್, 2,254 ಹಿಟ್, ಒಂಬತ್ತು ಬಾರಿ ಆಲ್-ಸ್ಟಾರ್ ಆಯ್ಕೆ, 1964ರಿಂದ 1968ರವರೆಗೆ ಫೀಲ್ಡಿಂಗ್‌ಗೆ ಸಲ್ಲುವ ಗೋಲ್ಡ್ ಗ್ಲವ್ ಪ್ರಶಸ್ತಿ ಸತತ ಐದು ಬಾರಿ. ಥರ್ಡ್ ಬೇಸ್ ಎಂದರೆ ಬಲಗೈ ಬ್ಯಾಟುಗಾರರ ಬಿರುಸಿನ ಹೊಡೆತಗಳು ನೇರ ನುಗ್ಗಿ ಬರುವ ಜಾಗ, ಅಲ್ಲಿ ಕಣ್ಣು ಒಂದು ಕ್ಷಣವೂ ಮಂಕಾಗುವಂತಿಲ್ಲ. 1966ರ ಜೂನ್‌ನಲ್ಲಿ ಚೆಂಡು ಬಡಿದು ಕೆನ್ನೆಯ ಮೂಳೆ ಮುರಿಯಿತು. ಸ್ಯಾಂಟೊ ಕಿವಿ ಮುಚ್ಚುವ ಪಟ್ಟಿಯಿದ್ದ ಹೆಲ್ಮೆಟ್ ತೊಟ್ಟು ಮರಳಿದರು, ಸತತ 28 ಪಂದ್ಯಗಳಲ್ಲಿ ಹಿಟ್ ಗಳಿಸಿದ ಸರಣಿಯನ್ನು ಪೂರೈಸಿದರು.

1969ರಲ್ಲಿ ಗೆಲುವಿನ ನಂತರ ಜಿಗಿದು ಹಿಮ್ಮಡಿಗೆ ಹಿಮ್ಮಡಿ ತಾಗಿಸುವ ಅವರ ಸಂಭ್ರಮ ಷಿಕಾಗೊದಲ್ಲಿ ಮನೆಮಾತಾಯಿತು. ಆ ಋತುವಿನಲ್ಲಿ ಬಹುಕಾಲ ಮುಂದಿದ್ದ ಕಬ್ಸ್ ಸೆಪ್ಟೆಂಬರ್‌ನಲ್ಲಿ ಕುಸಿದು ನ್ಯೂಯಾರ್ಕ್ ಮೆಟ್ಸ್‌ಗೆ ಸ್ಥಾನ ಬಿಟ್ಟುಕೊಟ್ಟಿತು. ಸ್ಯಾಂಟೊ ತಮ್ಮ ವೃತ್ತಿಜೀವನದಲ್ಲಿ ಒಮ್ಮೆಯೂ ಋತುವಿನ ನಂತರದ ಪಂದ್ಯಗಳಲ್ಲಿ ಆಡಲಿಲ್ಲ. 1973ರ ಕೊನೆಗೆ ಕಬ್ಸ್ ಅವರನ್ನು ಕ್ಯಾಲಿಫೋರ್ನಿಯಾ ಏಂಜಲ್ಸ್‌ಗೆ ಕೊಡಲು ಹೊರಟಾಗ, ಲೀಗ್‌ನಲ್ಲಿ ಹತ್ತು ಮತ್ತು ಒಂದೇ ತಂಡದಲ್ಲಿ ಐದು ವರ್ಷ ಆಡಿದವರಿಗೆ ದೊರೆತಿದ್ದ, ವರ್ಗಾವಣೆ ನಿರಾಕರಿಸುವ ಹಕ್ಕನ್ನು ಮೊದಲ ಬಾರಿಗೆ ಬಳಸಿದವರು ಅವರೇ. ಷಿಕಾಗೊದಲ್ಲೇ ಉಳಿದು, 1974ರಲ್ಲಿ ಅದೇ ಊರಿನ ವೈಟ್ ಸಾಕ್ಸ್ ಪರ ಆಡಿ ನಿವೃತ್ತರಾದರು.

1990ರಲ್ಲಿ ಅವರು ಡಬ್ಲ್ಯುಜಿಎನ್ ರೇಡಿಯೊಗೆ ಬಂದರು. ಕಬ್ಸ್ ಗೆದ್ದರೆ ಕೂಗು, ಸೋತರೆ ನರಳಾಟ. ಭಾವನೆ ಬಚ್ಚಿಡುವುದು ಅವರಿಗೆ ತಿಳಿಯದು. ಕೇಳುಗರು ಅದಕ್ಕಾಗಿಯೇ ಅವರನ್ನು ಪ್ರೀತಿಸಿದರು. ಈ ವರ್ಷಗಳಲ್ಲಿ ಮಧುಮೇಹ ರಕ್ತನಾಳಗಳಿಗೆ ಮಾಡಿದ ಹಾನಿ ಬಯಲಾಯಿತು. ಹೃದಯಕ್ಕೆ ಬೈಪಾಸ್ ಆಯಿತು. 2001ರಲ್ಲಿ ಬಲಗಾಲನ್ನು, 2002ರಲ್ಲಿ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಕೃತಕ ಕಾಲುಗಳ ಮೇಲೆ ಅವರು ಮತ್ತೆ ಮೈಕಿನ ಮುಂದೆ ಬಂದರು. ಮಗ ಜೆಫ್ ಸ್ಯಾಂಟೊ ಈ ದಿನಗಳನ್ನು ‘ದಿಸ್ ಓಲ್ಡ್ ಕಬ್’ (2004) ಸಾಕ್ಷ್ಯಚಿತ್ರದಲ್ಲಿ ದಾಖಲಿಸಿದ್ದಾರೆ. ಬಾಲ್ಯದ ಮಧುಮೇಹದ ಸಂಶೋಧನೆಗಾಗಿ ಷಿಕಾಗೊದಲ್ಲಿ ಅವರ ಹೆಸರಿನಲ್ಲಿ ವರ್ಷವರ್ಷವೂ ನಡೆದ ಕಾಲ್ನಡಿಗೆ ಕೋಟ್ಯಂತರ ಡಾಲರ್ ನಿಧಿ ಕೂಡಿಸಿತು.

2003ರ ಸೆಪ್ಟೆಂಬರ್ 28ರಂದು ಕಬ್ಸ್ ಅವರ 10ನೇ ಸಂಖ್ಯೆಯ ಅಂಗಿಯನ್ನು ಇನ್ನು ಯಾರಿಗೂ ಕೊಡದಂತೆ ನಿವೃತ್ತಿಗೊಳಿಸಿತು. ಕೂಪರ್ಸ್‌ಟೌನಿನ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಮಾತ್ರ ಬಾಗಿಲು ತೆರೆಯಲಿಲ್ಲ. 1980ರ ಮೊದಲ ಮತದಾನದಲ್ಲಿ ಅವರಿಗೆ ಶೇ. 4ರಷ್ಟೂ ಮತ ಬರಲಿಲ್ಲ, ನಂತರದ ಸಮಿತಿಗಳೂ ಮತ್ತೆ ಮತ್ತೆ ತಿರಸ್ಕರಿಸಿದವು. 2010ರ ಡಿಸೆಂಬರ್‌ನಲ್ಲಿ ಅರಿಜೋನಾದಲ್ಲಿ ಸ್ಯಾಂಟೊ ತೀರಿಕೊಂಡರು. ಗ್ರಂಥಾಲಯದ ಪುಸ್ತಕ ಕೊಟ್ಟ ಗಡುವು ದಾಟಿ ಕಾಲು ಶತಮಾನಕ್ಕೂ ಹೆಚ್ಚು ಕಾಲ ಬದುಕಿದ್ದರು. ಮರುವರ್ಷದ ಡಿಸೆಂಬರ್‌ನಲ್ಲಿ ಅವರು ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು. ಅಂಕಿಅಂಶಗಳಲ್ಲಿ ಒಂದಂಕಿಯೂ ಬದಲಾಗಿರಲಿಲ್ಲ. ಹಾಗಿರುವಾಗ ಈ ವಿಳಂಬಕ್ಕೆ ಸಮರ್ಥನೆಯಿಲ್ಲ. 2012ರ ಜುಲೈನಲ್ಲಿ ಪತ್ನಿ ವಿಕಿ ಅವರ ಪರವಾಗಿ ಸೇರ್ಪಡೆ ಸಮಾರಂಭದ ವೇದಿಕೆಯ ಮೇಲೆ ಮಾತನಾಡಿದರು.

ಸ್ಯಾಂಟೊ ನಂತರ ಇದೇ ಕಾಯಿಲೆಯೊಂದಿಗೆ ಹಲವರು ಆಡಿದ್ದಾರೆ. ಪಿಚರ್ ಬಿಲ್ ಗಲಿಕ್ಸನ್ ಜಪಾನಿನಲ್ಲಿ ಎರಡು ಋತು ಆಡಿದ ಮೇಲೆ, ಮಧುಮೇಹಿಗಳಿಗಾಗಿ ಅಲ್ಲಿ ಅವರ ಹೆಸರಿನ ಪ್ರಶಸ್ತಿಯೇ ಹುಟ್ಟಿತು. ಹತ್ತನೆಯ ವಯಸ್ಸಿನಲ್ಲೇ ಮಧುಮೇಹ ಬಂದ ಸ್ಯಾಮ್ ಫುಲ್ಡ್ ಕಬ್ಸ್ ಪರವೇ ಮೇಜರ್ ಲೀಗ್ ಪ್ರವೇಶಿಸಿದರು. ಇನ್ಸುಲಿನ್ ಪಂಪ್ ಧರಿಸಿ ಆಡುತ್ತಿದ್ದ ಆಡಮ್ ಡುವಾಲ್ 2021ರಲ್ಲಿ ನ್ಯಾಷನಲ್ ಲೀಗ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 113 ರನ್‌ಗಳನ್ನು ತಂಡಕ್ಕೆ ತಂದುಕೊಟ್ಟರು. ಆ ವರ್ಷ ವರ್ಲ್ಡ್ ಸೀರೀಸ್ ಗೆದ್ದ ಅಟ್ಲಾಂಟಾ ತಂಡದಲ್ಲೂ ಅವರಿದ್ದರು.